ದಂಡಿನ ಉಡುಗೆ, ಸರಂಜಾಮಿನ ಪದಗಳು: ಆಶಯ ಭಾಷಣ

ಸೈನಿಕನ ಉಡುಪು ಒಂದು ದಂಡಿನಿಂದ ಇನ್ನೊಂದು ದಂಡಿಗೆ ದಾಟುವಾಗ ಅದರ ಹೆಸರೂ ಎಷ್ಟೋ ಸಲ ಜೊತೆಗೇ ದಾಟುತ್ತದೆ. ಆಡಳಿತದ ಪದಗಳನ್ನು ಗೆದ್ದವರು ಸೋತವರ ಮೇಲೆ ಹೇರುವುದು ಸಾಮಾನ್ಯ. ಉಡುಪಿನ ವಿಷಯದಲ್ಲಿ ಈ ಲೆಕ್ಕ ಬಹಳಷ್ಟು ಸಲ ತಿರುವುಮುರುವಾಗಿದೆ: ಬಿಸಿಲು, ಧೂಳು, ಚಳಿಗೆ ಯಾರ ಉಡುಪು ಒಗ್ಗಿತೋ ಅವರ ಪದವನ್ನು ಆಳುವವರೇ ಎತ್ತಿಕೊಂಡಿದ್ದಾರೆ. ಆದ್ದರಿಂದ ಯಾರು ಯಾರಿಂದ ಕಲಿತರು ಎಂಬುದಕ್ಕೆ ಈ ಪದಗಳು ದಾಖಲೆ.

ಇದಕ್ಕೆ ಮೊದಲ ನಿದರ್ಶನ ಖಾಕಿ. ಪರ್ಷಿಯನ್ನಿನಲ್ಲಿ ‘ಖಾಕ್’ ಎಂದರೆ ಮಣ್ಣು, ಧೂಳು. ಹಿಂದೂಸ್ತಾನಿಯಲ್ಲಿ ‘ಖಾಕಿ’ ಎಂದರೆ ಮಣ್ಣಿನ ಬಣ್ಣದ್ದು. 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಪಡೆಯಲ್ಲಿ ಈ ಬಣ್ಣದ ಉಡುಪು ಬಳಕೆಗೆ ಬಂತು. 1857ರ ದಂಗೆಯ ಕಾಲದಲ್ಲಿ ಬ್ರಿಟಿಷ್ ಸೈನಿಕರು ತಮ್ಮ ಬಿಳಿ ಬೇಸಿಗೆ ಉಡುಪನ್ನು ಚಹಾ, ಮಣ್ಣು ಮುಂತಾದವುಗಳಲ್ಲಿ ಅದ್ದಿ ಬಣ್ಣಗೆಡಿಸಿಕೊಂಡರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ (1899–1902) ಹೊತ್ತಿಗೆ ಖಾಕಿ ಬ್ರಿಟಿಷ್ ಸೇನೆಯ ಸಮರದ ಉಡುಪಾಗಿತ್ತು. ಫ್ರೆಂಚ್, ಜರ್ಮನ್, ರಷ್ಯನ್, ಜಪಾನಿ ಭಾಷೆಗಳೂ ಈ ಪದವನ್ನು ತಮ್ಮದಾಗಿಸಿಕೊಂಡಿವೆ.

ಖಾಕಿಗೆ ಮಂಗಳೂರಿನ ನಂಟೂ ಇದೆ. 1851ರಲ್ಲಿ ಅಲ್ಲಿಗೆ ಬಂದ ಜಾನ್ ಹಾಲರ್ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣ ಕಂಡುಹಿಡಿದರೆಂಬುದು ಸ್ಥಳೀಯ ಇತಿಹಾಸದಲ್ಲಿ ಬೇರೂರಿದ ಮಾತು. ಅದನ್ನು ಬಣ್ಣಗಾರಿಕೆಯ ಚರಿತ್ರೆಗೆ ಸೇರಿಸಬೇಕೇ ಹೊರತು ಪದದ ಚರಿತ್ರೆಗಲ್ಲ. ಹಾಲರ್ ಬರುವ ಮೊದಲೇ ವಾಯವ್ಯ ಗಡಿಯಲ್ಲಿ ಪದವೂ ಇತ್ತು, ಉಡುಪೂ ಇತ್ತು. ವಸ್ತುವಿನ ಹುಟ್ಟು ಮತ್ತು ಹೆಸರಿನ ಹುಟ್ಟು ಒಂದೇ ಊರಿನಲ್ಲಿ ಆಗಬೇಕಿಲ್ಲ.

ಕಾಲಿಗೆ ಸುತ್ತುವ ಪಟ್ಟಿಯದು ಇನ್ನೊಂದು ಬಗೆ. ಬೂಟಿನ ಮೇಲಂಚಿನಿಂದ ಮೊಣಕಾಲಿನ ಕೆಳಗಿನವರೆಗೆ ಉಣ್ಣೆಯ ಉದ್ದ ಪಟ್ಟಿಯನ್ನು ಒಂದರ ಮೇಲೊಂದು ಸುತ್ತು ಬರುವಂತೆ ಬಿಗಿದು, ತುದಿಯ ದಾರದಿಂದ ಕಟ್ಟುತ್ತಿದ್ದರು. ಕಾಲಾಳು ಕೆಳಗಿನಿಂದ ಮೇಲಕ್ಕೆ ಸುತ್ತಿದರೆ, ಸವಾರ ಮೇಲಿನಿಂದ ಕೆಳಕ್ಕೆ ಸುತ್ತಿ ಹರಡಿನ ಬಳಿ ಕಟ್ಟುತ್ತಿದ್ದ. ಹಿಮಾಲಯದ ಕಡೆಯ ಈ ರೂಢಿಯನ್ನು ಬ್ರಿಟಿಷರು ಎತ್ತಿಕೊಂಡಾಗ ಹಿಂದಿಯ ‘ಪಟ್ಟಿ’ ಇಂಗ್ಲಿಷಿನಲ್ಲಿ ‘ಪಟೀ’ ಆಯಿತು. ಮೊದಲ ಮಹಾಯುದ್ಧದಲ್ಲಿ ಇದನ್ನೇ ತೊಟ್ಟ ಇತರರು ಹೆಸರನ್ನು ಮಾತ್ರ ತಮ್ಮಲ್ಲೇ ಕಟ್ಟಿಕೊಂಡರು. ಫ್ರೆಂಚರ ‘ಬಾಂದ್ ಮೊಲ್ತಿಯೇರ್’ ಮೀನಖಂಡದ ಪಟ್ಟಿ. ಜರ್ಮನ್ನರ ‘ವಿಕೆಲ್‌ಗಮಾಶೆ’ ಸುತ್ತುವ ಕಾಲ್ಗವಸು. ರಷ್ಯನ್ನರ ‘ಅಬ್ಮೋತ್ಕಿ’ ಬರೀ ಸುತ್ತು. ಒಬ್ಬರು ಅಂಗವನ್ನು ನೋಡಿ ಹೆಸರಿಟ್ಟರು, ಉಳಿದಿಬ್ಬರು ಕಟ್ಟುವ ಕ್ರಿಯೆಯನ್ನು ನೋಡಿ. ಬಳಸುವವರ ಬಾಯಿಂದ ನೇರವಾಗಿ ಪಡೆದ ಇಂಗ್ಲಿಷಿಗೆ ಮಾತ್ರ ಮೂಲದ ಹೆಸರೇ ಬಂತು.

ಅಂಗದಿಂದ ಹೆಸರಿಡುವುದು ಹಳೆಯ ಕ್ರಮ. ಸಂಸ್ಕೃತದ ಶಿರಸ್ತ್ರಾಣ ತಲೆಯನ್ನು ಕಾಯುವುದು, ಅಂಗುಲಿತ್ರಾಣ ಬಿಲ್ಲುಗಾರನ ಬೆರಳನ್ನು ಕಾಯುವುದು. ಪರ್ಷಿಯನ್ನಿನ ‘ಕಮರ್‌ಬಂದ್’ ನಡುಕಟ್ಟು. ಇಂಗ್ಲಿಷಿಗೆ ಹೋಗಿ ಅದು ಔತಣದ ಉಡುಪಿನ ಭಾಗವಾಯಿತು. ಬೆನ್ನಿಗೆ ಕಟ್ಟುವ ಚೀಲಕ್ಕೆ ಜರ್ಮನ್ನಿನಲ್ಲಿ ‘ರುಕ್‌ಸಾಕ್’, ಎಂದರೆ ಬೆನ್ನಿನ ಚೀಲ. ಭಾರತೀಯ ಸೇನೆಯ ಜವಾನರು ಹೇಳುವ ‘ಪಿಟ್ಠೂ’ ಕೂಡ ‘ಪೀಠ್’, ಅಂದರೆ ಬೆನ್ನು ಎಂಬ ಪದದಿಂದಲೇ ಬಂದದ್ದು. ಒಂದರಿಂದ ಇನ್ನೊಂದು ಎರವಲು ಪಡೆಯದೆ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ.

ಇಂಗ್ಲಿಷಿನ ‘ಹ್ಯಾವರ್‌ಸ್ಯಾಕ್’ ಚೀಲದೊಳಗಿನ ಸರಕಿನಿಂದ ಹೆಸರು ಪಡೆದಿದೆ. ಅದರ ಮೂಲ ಜರ್ಮನ್ನಿನ ‘ಹಾಫರ್‌ಸಾಕ್’, ಅಂದರೆ ಕುದುರೆಗೆ ಓಟ್ಸ್ ತುಂಬಿಡುವ ಚೀಲ. ಫ್ರೆಂಚಿನ ಮೂಲಕ ದಾಟಿ ಅದು ಸೈನಿಕನ ಬುತ್ತಿಚೀಲವಾಯಿತು. ಡಚ್ಚರ ‘ರಾನ್ಸೆಲ್’ ಎಂಬ ಸೈನಿಕ ಬೆನ್ನುಚೀಲ ಜಪಾನಿನಲ್ಲಿ ‘ರಾಂದೊಸೆರು’ ಆಗಿ, 1880ರ ದಶಕದಲ್ಲಿ ಗಾಕುಶುಇನ್ ಶಾಲೆಯ ಮೂಲಕ ಮಕ್ಕಳ ಪಾಟಿಚೀಲವಾಗಿ ನೆಲೆನಿಂತಿತು. ದಂಡಿನ ಪದ ಶಾಲೆಯ ಪದವಾಗಲು ಒಂದು ತಲೆಮಾರು ಸಾಕಾಯಿತು.

ಇನ್ನೊಂದು ಕ್ರಮ ಜನ, ಊರು, ದಂಡನಾಯಕರ ಹೆಸರನ್ನೇ ಉಡುಪಿಗೆ ಇಡುವುದು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಸೇವೆಯಲ್ಲಿದ್ದ ಕ್ರೊಯೇಷಿಯದ ಸವಾರರ ಕೊರಳವಸ್ತ್ರದಿಂದ ‘ಕ್ರವಾತ್’ ಬಂತು. ಕ್ರಿಮಿಯಾ ಯುದ್ಧದ ಸೇನಾನಿಗಳಿಂದ ಕಾರ್ಡಿಗನ್, ರ‍್ಯಾಗ್ಲನ್ ಎಂಬ ಉಡುಪುಗಳಿಗೂ, 1854ರ ರಣರಂಗದಿಂದ ಬಾಲಾಕ್ಲಾವ ಎಂಬ ಮುಖಮುಚ್ಚುವ ಟೋಪಿಗೂ ಹೆಸರು ಬಂತು. ರಷ್ಯದ ಕೆಂಪು ಸೇನೆಯ ಚೂಪುತುದಿಯ ಟೋಪಿ, ಸೆಮ್ಯೋನ್ ಬುದ್ಯೋನಿಯ ಹೆಸರಿನಿಂದ ‘ಬುದ್ಯೋನವ್ಕಾ’ ಆಯಿತು. ಅದಕ್ಕೆ ಮೊದಲಿದ್ದ ಹೆಸರು ‘ಬಗತೀರ್ಕಾ’, ಪುರಾಣಕಾಲದ ವೀರರನ್ನು ನೆನಪಿಸುವಂಥದ್ದು. ಟೋಪಿ ಉಳಿದು ಹೆಸರು ಬದಲಾಯಿತು.

ಕನ್ನಡದಲ್ಲಿ ಈ ಪದಗಳು ಪದರ ಪದರವಾಗಿ ಕೂತಿವೆ. ಕವಚ, ಶಿರಸ್ತ್ರಾಣಗಳು ಕಾವ್ಯದ ಪದರಕ್ಕೆ ಸೇರಿದವು. ಸಿಪಾಯಿ, ಸರಂಜಾಮು, ಲವಾಜಮೆಗಳು ಸುಲ್ತಾನರ, ಮರಾಠರ, ಮೈಸೂರಿನ ಆಡಳಿತದ ಪದರಕ್ಕೆ. ಮರಾಠರಲ್ಲಿ ‘ಸರಂಜಾಮು’ ಎಂದರೆ ದಂಡನ್ನು ಸಾಕಲು ಬಿಟ್ಟುಕೊಟ್ಟ ಭೂಮಿ. ಕನ್ನಡದಲ್ಲಿ ಅದು ಗಾಡಿಗೇರಿಸುವ ಸಾಮಾನು. ‘ಸಿಲ್ಹೇದಾರ’ ಎಂಬ ಪದ ಸ್ವಂತ ಕುದುರೆ, ಸ್ವಂತ ಆಯುಧ ತಂದು ಸೇವೆಗೆ ನಿಲ್ಲುವ ಸವಾರನನ್ನು, ಸರ್ಕಾರಿ ಕುದುರೆ ಏರುವ ‘ಬಾರ್ಗೀರ’ನಿಂದ ಬೇರೆ ಮಾಡುತ್ತದೆ. ಸರಂಜಾಮು ಯಾರ ಸೊತ್ತು ಎಂಬುದರಿಂದಲೇ ಸೈನಿಕನ ಸ್ಥಾನ ತಿಳಿಯುತ್ತಿತ್ತು. ‘ಜವಾನ’ ಸೇನೆಯಲ್ಲಿ ಯೋಧ, ಕಚೇರಿಯಲ್ಲಿ ಕಡತ ಹೊರುವವನು.

ಕೊಡಗಿನಲ್ಲಿ ಇದು ಇಂದಿಗೂ ಬಳಕೆಯಲ್ಲಿರುವ ಪದಕೋಶ. ಕುಪ್ಯ ಎಂಬ ಮೇಲಂಗಿ, ಅದರ ಮೇಲೆ ನಡುವಿಗೆ ಬಿಗಿಯುವ ಚೇಲೆ, ಚೇಲೆಗೆ ಸಿಕ್ಕಿಸುವ ಪೀಚೆಕತ್ತಿ, ಬೆನ್ನ ಹಿಂದೆ ಒಡಿಕತ್ತಿಯನ್ನು ಹಿಡಿದಿಡುವ ಲೋಹದ ತೋಡಂಗ್: ಪ್ರತಿಯೊಂದು ಭಾಗಕ್ಕೂ ಬೇರೆ ಹೆಸರಿದೆ. ಯುದ್ಧ ನಿಂತಮೇಲೂ ಮದುವೆ, ಹಬ್ಬಗಳಲ್ಲಿ ಉಡುಪು ಉಳಿದದ್ದರಿಂದ ಹೆಸರುಗಳೂ ಉಳಿದವು.

ಹೀಗಾಗಿ ಈ ವಿಚಾರ ಸಂಕಿರಣದ ಮುಂದೆ ಮೂರು ಕೆಲಸಗಳಿವೆ. ಒಂದು, ಪದದ ವ್ಯುತ್ಪತ್ತಿಯ ಜೊತೆಗೆ ವಸ್ತುವಿನ ವಿವರವನ್ನೂ ದಾಖಲಿಸುವುದು: ಯಾವ ಬಟ್ಟೆ, ಎಲ್ಲಿ ಕಟ್ಟುವುದು, ಯಾವ ದರ್ಜೆಯವರು ತೊಡುವುದು. ಚಿತ್ರವಿಲ್ಲದ ನಿಘಂಟಿನಲ್ಲಿ ‘ತೋಡಂಗ್’ ಅರ್ಥವಾಗದು. ಎರಡು, ಶಾಸನ, ವೀರಗಲ್ಲುಗಳ ಶಿಲ್ಪದಲ್ಲಿ ಕಾಣುವ ಉಡುಪನ್ನು ಕಾವ್ಯದ ಪದಗಳೊಂದಿಗೆ ಹೊಂದಿಸಿ ನೋಡುವುದು. ಮೂರು, ನಿವೃತ್ತ ಸೈನಿಕರ ಆಡುಮಾತನ್ನು ಸಂಗ್ರಹಿಸುವುದು. ಸೇನೆಯ ಹಿಂದೂಸ್ತಾನಿಯಿಂದ ಕನ್ನಡಿಗ ಜವಾನರ ಬಾಯಿಗೆ ಬಂದ ‘ಪಿಟ್ಠೂ’ವಿನಂಥ ಪದಗಳು ಅಚ್ಚಿನಲ್ಲಿ ಸಿಗುವುದು ಅಪರೂಪ, ಅವನ್ನು ಕೇಳಿಯೇ ಬರೆದುಕೊಳ್ಳಬೇಕು.