ಲಾರಿಯ ಎಂಜಿನ್ ಸವೆದಾಗ: ದುರಸ್ತಿಯೋ, ಬದಲಾವಣೆಯೋ?



ಮಲೆನಾಡಿನ ಊರೊಂದರಲ್ಲಿ ಲಾರಿ ನಿಂತರೆ ಅದರೊಡನೆ ಹಲವು ಕೆಲಸಗಳು ನಿಲ್ಲುತ್ತವೆ. ಗೊಬ್ಬರ ತೋಟ ಸೇರುವುದಿಲ್ಲ, ಒಣಗಿದ ಅಡಿಕೆ ಮಂಡಿಗೆ ಹೋಗುವುದಿಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ಇಂಥ ಸ್ಥಿತಿಯಲ್ಲಿ "ಎಂಜಿನ್ ಮುಗಿಯಿತು" ಎಂಬ ಮಾತು ಕೇಳಿದ ಮಾಲೀಕ ಅವಸರದ ತೀರ್ಮಾನಕ್ಕೆ ಬರುವುದು ಸಹಜ. ಆದರೆ ಆ ತೀರ್ಮಾನದಲ್ಲಿ ಮನೆಯ ಹಣದ ಜೊತೆಗೆ ಘಟ್ಟದ ರಸ್ತೆಯ ಸುರಕ್ಷತೆ, ಊರಿನ ಗಾಳಿ ಮತ್ತು ಹಳ್ಳದ ನೀರೂ ಸೇರಿವೆ. ಆದುದರಿಂದ ಮೊದಲು ಅಳತೆ, ಅನಂತರ ನಿರ್ಧಾರ ಎಂಬ ಕ್ರಮ ಅಗತ್ಯ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು ಹದಿನಾರರಿಂದ ಹದಿನೆಂಟರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನ ಗೋಡೆ ಮತ್ತು ಪಿಸ್ಟನ್ ರಿಂಗ್ ಸವೆದರೆ ಒತ್ತಿದ ಗಾಳಿ ಸೋರುತ್ತದೆ. ಚಳಿಗಾಲದ ಮುಂಜಾನೆ ಲಾರಿ ಬೇಗ ಸ್ಟಾರ್ಟ್ ಆಗದಿರುವುದಕ್ಕೂ, ಏರಿನಲ್ಲಿ ಎಳೆಯದಿರುವುದಕ್ಕೂ ಇದೊಂದು ಕಾರಣ.

ಹೊಗೆಯ ಬಣ್ಣವೂ ಕೆಲವು ಸಂಗತಿಗಳನ್ನು ತಿಳಿಸುತ್ತದೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲದು. ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ಕಪ್ಪು ಹೊಗೆಯೊಂದನ್ನೇ ನೋಡಿ ಎಂಜಿನ್ ಇಳಿಸುವುದು ಜ್ವರ ಬಂದವನಿಗೆ ಶಸ್ತ್ರಚಿಕಿತ್ಸೆ ಮಾಡಿದಂತೆ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ಟನ್ನು ಮೊದಲು ಪರೀಕ್ಷಿಸಬೇಕು.

ಗ್ಯಾರೇಜಿನಲ್ಲಿ ಕೇಳಬೇಕಾದ ಅಳತೆಗಳು ಎರಡು: ಪ್ರತಿ ಸಿಲಿಂಡರಿನ ಕಂಪ್ರೆಶನ್, ಮತ್ತು ಎಂಜಿನ್ ಕಾದಾಗಿನ ಆಯಿಲ್ ಒತ್ತಡ. ಒಂದೇ ಸಿಲಿಂಡರಿನಲ್ಲಿ ಕಂಪ್ರೆಶನ್ ಕಡಿಮೆಯಿದ್ದರೆ ದೋಷ ವಾಲ್ವಿನಲ್ಲಿರಬಹುದು. ಹೆಡ್ ಕೆಲಸದಲ್ಲಿಯೇ ಮುಗಿಯಬಹುದು. ಎಲ್ಲದರಲ್ಲಿಯೂ ಇಳಿದಿದ್ದು, ಆಯಿಲ್ ಒತ್ತಡವೂ ಕುಸಿದಿದ್ದರೆ ಸವೆತ ಎಂಜಿನ್ನಿನ ಉದ್ದಗಲಕ್ಕೂ ಹರಡಿದೆ ಎಂದು ತಿಳಿಯಬಹುದು.

ಅಂಥ ಎಂಜಿನ್ನಿಗೂ ಮರುಜೀವವುಂಟು. ಟಾಟಾ ಲಾರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ '697' ಎಂಜಿನ್ನಿನ ಹೆಸರನ್ನೇ ನೋಡಿರಿ: 6 ಸಿಲಿಂಡರ್, ಪ್ರತಿಯೊಂದರ ಒಳವ್ಯಾಸ 97 ಮಿ.ಮೀ. ಸವೆದು ಹೋಗುವುದು ಈ ವ್ಯಾಸದ ಅಂಚಿನ ಕೂದಲೆಳೆಯಷ್ಟು ಲೋಹ. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಹೊಸದಾಗಿ ಹಾಕಿ, ಕ್ರ್ಯಾಂಕನ್ನು 0.25 ಅಥವಾ 0.50 ಮಿ.ಮೀ.ನಷ್ಟು ತೇದು ಅದಕ್ಕೆ ಹೊಂದುವ ಬೇರಿಂಗ್ ಕೂರಿಸಿದರೆ ಬ್ಲಾಕ್ ಮತ್ತೆ ದುಡಿಯುತ್ತದೆ. ಅದಿರು ಕರಗಿಸಿ ಎರಕ ಹೊಯ್ದ ಆ ಭಾರಿ ಕಬ್ಬಿಣವನ್ನು ಉಳಿಸಿಕೊಳ್ಳುವುದೇ ಪರಿಸರದ ದೃಷ್ಟಿಯಿಂದ ಮೊದಲ ಆಯ್ಕೆ. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಕ್ರ್ಯಾಂಕ್ ತೇಯುವ ಮಿತಿ ಮೀರಿದ್ದರೆ ಮಾತ್ರ ಅದೇ ಮಾದರಿಯ, ಖಾತರಿಯುಳ್ಳ ಎಂಜಿನ್ ತರುವುದು ಸರಿ. ಗುಜರಿಯಿಂದ ತಂದ ಎಂಜಿನ್ ಅಗ್ಗವೆನಿಸುತ್ತದೆ; ಅದು ಎಷ್ಟು ಓಡಿದೆ, ಹೇಗೆ ಓಡಿದೆ ಎಂಬುದಕ್ಕೆ ದಾಖಲೆಯಿರುವುದಿಲ್ಲ. ಸವೆದದ್ದನ್ನು ಕೊಟ್ಟು ಸವೆದದ್ದನ್ನೇ ಕೊಂಡಂತಾಗುವ ಸಂಭವ ಹೆಚ್ಚು.

ಹೆಚ್ಚು ಶಕ್ತಿಯ ಬೇರೆ ಮಾದರಿಯ ಎಂಜಿನ್ ಕೂರಿಸುವ ಆಸೆಯಿಂದ ದೂರವಿರುವುದೇ ಲೇಸು. ಕ್ಲಚ್, ಗೇರ್‌ಬಾಕ್ಸ್, ಜಾಯಿಂಟ್, ರೇಡಿಯೇಟರ್ ಇವೆಲ್ಲ ಹಳೆಯ ಎಂಜಿನ್ನಿನ ಶಕ್ತಿಗೆ ತಕ್ಕಂತೆ ಇರುತ್ತವೆ. ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಡೆಯುವುದೂ ಎಂಜಿನ್ನಿನಿಂದಲೇ. ಆ ಹೊಂದಾಣಿಕೆ ತಪ್ಪಿದ ಲಾರಿ ಹೊರೆ ಹೊತ್ತು ಶಿರಾಡಿಯಂಥ ಘಟ್ಟ ಇಳಿಯುವಾಗ ಅಪಾಯ ಚಾಲಕನೊಬ್ಬನದೇ ಅಲ್ಲ, ಎದುರು ಬರುವ ಬಸ್ಸಿನದೂ ಹೌದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಲಾರಿಗಳ ಎಂಜಿನ್ನಿಗೆ ಕಂಪ್ಯೂಟರ್, ಸೆನ್ಸರ್, ಹೊಗೆ ಶುದ್ಧಿಯ ಸಾಧನಗಳೆಲ್ಲ ಜೊತೆಗಿರಬೇಕು. ಅದನ್ನು ಹಳೆಯ ಛಾಸಿಗೆ ಕೂರಿಸುವುದು ಊರಿನ ಗ್ಯಾರೇಜಿನ ಕೆಲಸವಲ್ಲ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಎಂಜಿನ್ ಬದಲಿಸಿದ ಮಾಲೀಕ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ಆರ್.ಸಿ.ಯಲ್ಲಿ ನಮೂದು ಮಾಡಿಸಬೇಕು. ಎಂಜಿನ್ ಸಂಖ್ಯೆ ಹೊಂದದ ಲಾರಿಗೆ ಎಫ್.ಸಿ.ಯಲ್ಲಿಯೂ ವಿಮೆಯಲ್ಲಿಯೂ ತೊಡಕುಂಟಾಗುತ್ತದೆ.

ಹಾಗಾದರೆ ಸವೆದ ಎಂಜಿನ್ನನ್ನೇ ಎಳೆದಾಡಿಸಬಹುದೆ? ಒಂದು ಲೆಕ್ಕ ಮಾಡಿರಿ. ಲೀಟರಿಗೆ 6 ಕಿ.ಮೀ. ಕೊಡುತ್ತಿದ್ದ ಲಾರಿ 5ಕ್ಕೆ ಇಳಿದಿದೆ, ವರ್ಷಕ್ಕೆ 30,000 ಕಿ.ಮೀ. ಓಡುತ್ತದೆ ಎಂದಿಟ್ಟುಕೊಂಡರೆ, 5,000 ಲೀಟರ್ ಸಾಕಾಗುತ್ತಿದ್ದಲ್ಲಿ 6,000 ಲೀಟರ್ ಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ವರ್ಷಕ್ಕೆ 1,000 ಲೀಟರಿನ ಬೆಲೆ ಮಾಲೀಕನ ಕಿಸೆಯಿಂದ, 2.7 ಟನ್ ಅನಿಲ ಎಲ್ಲರ ಗಾಳಿಗೆ. ದುರಸ್ತಿಯ ಅಂದಾಜನ್ನು ಈ ನಷ್ಟದೊಡನೆಯೂ, ಲಾರಿಯ ಉಳಿದ ಬೆಲೆಯೊಡನೆಯೂ ತೂಗಿ ನೋಡಬೇಕು. ಛಾಸಿ ತುಕ್ಕು ತಿಂದಿದ್ದರೆ ಅದಕ್ಕೆ ಹೊಸ ಎಂಜಿನ್ ಹಾಕುವುದು ವ್ಯರ್ಥ. ಅಂಥ ಲಾರಿಯನ್ನು ಗುಜರಿಗೆ ಕೊಡುವುದೇ ಮೇಲು.

ಎಂಜಿನ್ ಏಕೆ ಸವೆಯಿತೆಂದು ತಿಳಿಯದೆ ಹಣ ಸುರಿದರೆ ಹೊಸತೂ ಅದೇ ಹಾದಿ ಹಿಡಿಯುತ್ತದೆ. ಕೆಮ್ಮಣ್ಣಿನ ರಸ್ತೆಯಲ್ಲಿ ಏರ್ ಫಿಲ್ಟರಿನ ಹೋಸ್ ಸಣ್ಣದಾಗಿ ಹರಿದಿದ್ದರೂ ಒಳಹೋದ ಧೂಳು ಸಿಲಿಂಡರನ್ನು ಮರಳುಕಾಗದದಂತೆ ಉಜ್ಜುತ್ತದೆ. ಕೂಲೆಂಟ್ ಬೆರೆಸದೆ ಬರಿಯ ಹಳ್ಳದ ನೀರು ತುಂಬಿದರೆ ಒಳಗೆಲ್ಲ ತುಕ್ಕು.

ಕೊನೆಯದಾಗಿ, ಎಂಜಿನ್ ಬಿಚ್ಚಿದಾಗ ಹೊರಬರುವ ಹಳೆಯ ಆಯಿಲ್. ಬೇಲಿ ಗೂಟಕ್ಕೆ ಗೆದ್ದಲು ಬಾರದಂತೆ ಅದನ್ನು ಬಳಿಯುವ ರೂಢಿ ಹಲವೆಡೆ ಇದೆ. ಸವೆದ ಲೋಹದ ಕಣಗಳೂ ಸುಟ್ಟ ಎಣ್ಣೆಯ ವಿಷಗಳೂ ಅದರಲ್ಲಿರುತ್ತವೆ. ಮಳೆಗಾಲದಲ್ಲಿ ಅವು ತೊಳೆದು ಹಳ್ಳ ಸೇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಇದನ್ನು ಅಧಿಕೃತ ಮರುಬಳಕೆದಾರರಿಗೇ ಒಪ್ಪಿಸಬೇಕೆನ್ನುತ್ತವೆ. ಡಬ್ಬಿಯಲ್ಲಿ ತುಂಬಿ ಮುಚ್ಚಿಟ್ಟು, ಅಂಥವರಿಗೆ ಕೊಡುವ ಗ್ಯಾರೇಜಿಗೆ ತಲುಪಿಸಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ: ಊರಿನ ಒಂದು ಲಾರಿಗೆ ಒಂದು ನೋಟ್‌ಬುಕ್ ಇಡಿ. ಹಾಕಿಸಿದ ಡೀಸೆಲ್, ಓಡಿದ ಕಿಲೋಮೀಟರ್, ಸುರಿದ ಆಯಿಲ್ ಇವಿಷ್ಟನ್ನು ಆರು ತಿಂಗಳು ಬರೆದಿಡಿ. ಎಂಜಿನ್ ಇಳಿಸಬೇಕೋ ಬೇಡವೋ ಎಂಬ ಚರ್ಚೆ ಬಂದ ದಿನ ಮಾಲೀಕನ ಕೈಯಲ್ಲಿ ಆ ಪುಸ್ತಕವಿರಲಿ.