ಉರಿಯೂತವೂ ಅದರ ಹದವೂ
(ಅಂಜನಾಪುರದಲ್ಲಿ ಸೇರಿದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಪಾಠಶಾಲೆಯಲ್ಲಿ ವ್ಯಾಕರಣ ಶಾಸ್ತ್ರಗಳನ್ನೋದಿದ ನಾನು ವೈದ್ಯನಲ್ಲ. ಆದರೂ ಶರೀರವನ್ನು ಲಿಂಗದೇವನ ಆಲಯವೆಂದು ನಂಬಿದ ನಾವು ಆ ಆಲಯದ ಸ್ಥಿತಿಗತಿಗಳನ್ನರಿಯದಿರುವುದು ಯುಕ್ತವಲ್ಲವೆಂದು ಭಾವಿಸಿ ಈ ವಿಷಯವನ್ನು ಕೈಕೊಂಡಿರುವೆನು.

ಮುಳ್ಳು ಚುಚ್ಚಿದ ಕಾಲು ಕೆಂಪೇರಿ, ಬಿಸಿಯಾಗಿ, ಬಾತು, ನೋಯುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿಯಷ್ಟೆ. ಸುಮಾರು 2000 ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ಇವೇ ನಾಲ್ಕು ಲಕ್ಷಣಗಳನ್ನು ಬರೆದಿಟ್ಟನು. ನಮ್ಮ ಆಯುರ್ವೇದವು ವ್ರಣಶೋಥವೆಂದುದನ್ನು ಇಂದಿನವರು ಉರಿಯೂತವೆನ್ನುವರು. ಇದನ್ನು ನಾವು ರೋಗವೆಂದೇ ತಿಳಿಯುವೆವು. ವಾಸ್ತವದಲ್ಲಿ ಇದು ಶರೀರವು ತನ್ನನ್ನು ತಾನು ಕಾಯ್ದುಕೊಳ್ಳುವ ಕಾರ್ಯವಾಗಿದೆ.

ಅದು ನಡೆಯುವ ಬಗೆ ಹೇಗೆಂದರೆ: ಗಾಯದಲ್ಲಿ ಹೊಕ್ಕ ರೋಗಾಣುವನ್ನು ಗುರುತಿಸಿದ ಜೀವಕೋಶಗಳು ಸೈಟೋಕೈನುಗಳೆಂಬ ಸಣ್ಣ ಪ್ರೋಟೀನುಗಳನ್ನು ಹೊರಸೂಸುವುವು. ಇವು ಶರೀರದ ಓಲೆಕಾರರು. ಟಿ.ಎನ್.ಎಫ್. ಹಾಗೂ ಇಂಟರ್‌ಲ್ಯೂಕಿನ್-1 ಎಂಬುವು ರಕ್ತನಾಳದ ಒಳಗೋಡೆಯನ್ನು ಎಚ್ಚರಿಸಿ, ಬಿಳಿಯ ರಕ್ತಕಣಗಳು ಗಾಯದ ಕಡೆಗೆ ಹೊರಡುವಂತೆ ಮಾಡುವುವು. ಇಂಟರ್‌ಲ್ಯೂಕಿನ್-6 ರಕ್ತದೊಡನೆ ಯಕೃತ್ತಿಗೆ ಹೋಗಿ ರಕ್ಷಕ ಪ್ರೋಟೀನುಗಳನ್ನು ಮಾಡಿಸುವುದು. ಇವುಗಳ ಸಂದೇಶವು ಮಿದುಳಿಗೆ ಮುಟ್ಟಲು ಜ್ವರವೇರುವುದು. ಕಾರ್ಯವು ಮುಗಿಯುತ್ತ ಬಂದಂತೆ ಇಂಟರ್‌ಲ್ಯೂಕಿನ್-10 ಮೊದಲಾದವು ಶಾಂತಿಯ ಓಲೆಯನ್ನೊಯ್ದು ಉರಿಯನ್ನು ತಗ್ಗಿಸುವುವು.

ದಾಸೋಹದ ಅಡಿಗೆಮನೆಯಲ್ಲಿ ಉರಿ ಸಾಲದಿದ್ದರೆ ಅನ್ನ ಬೇಯದು, ಮಿತಿಮೀರಿದರೆ ಸೀಯುವುದು. ಶರೀರದಲ್ಲಿಯೂ ಹಾಗೆಯೇ. ಉರಿಯು ಆರದೆ ವರ್ಷಗಟ್ಟಲೆ ನಿಂತರೆ ಆಮವಾತದಲ್ಲಿ ಕೀಲುಗಳು ಕೆಡುವುವು. ಟಿ.ಎನ್.ಎಫ್.ಅನ್ನು ತಡೆಯುವ ಔಷಧಗಳಿಂದ ಅಂಥ ರೋಗಿಗಳಿಗೆ ಮಹದುಪಕಾರವಾಯಿತು. ಆದರೆ ಅವನ್ನು ಸೇವಿಸಿದ ಕೆಲವರಲ್ಲಿ ಅಡಗಿದ್ದ ಕ್ಷಯವು ತಲೆಯೆತ್ತಿತೆಂದು 2001ರಲ್ಲಿ ತಿಳಿದುಬಂದಿತು. ಕ್ಷಯದ ಅಣುಗಳನ್ನು ಸುತ್ತುಗಟ್ಟಿ ಬಂಧನದಲ್ಲಿಡುವುದಕ್ಕೂ ಆ ಓಲೆಕಾರನೇ ಬೇಕು! ಆದಕಾರಣ ಕ್ಷಯದ ಪರೀಕ್ಷೆಯನ್ನು ಮಾಡಿದ ಬಳಿಕವೇ ಆ ಔಷಧಗಳನ್ನು ಕೊಡತಕ್ಕದ್ದೆಂದು ವಿಧಿಯಾಯಿತು.

ಈ ತತ್ತ್ವವನ್ನು ನಮ್ಮ ಬೆಂಗಳೂರು ಕೋವಿಡ್ ಕಾಲದಲ್ಲಿ ಬಹು ಕಷ್ಟದಿಂದ ಕಲಿತಿತು. ಆ ರೋಗವು ಉಲ್ಬಣಿಸಿದವರಲ್ಲಿ ಉರಿಯೂತದ ಅತಿರೇಕವೇ ಶ್ವಾಸಕೋಶಗಳನ್ನು ಕೆಡಿಸುತ್ತಿದ್ದಿತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡು ಇಂಥ ಓಲೆಗಳು ಹೊರಡುವುದನ್ನೇ ತಡೆಯುವುದು. ಅದನ್ನು ದಿನಕ್ಕೆ 6 ಮಿಲಿಗ್ರಾಂನಂತೆ, 10 ದಿನ ಮೀರದೆ ಕೊಟ್ಟಲ್ಲಿ, ಯಂತ್ರದ ನೆರವಿನಿಂದ ಉಸಿರಾಡುತ್ತಿದ್ದವರ ಮರಣವು ಸುಮಾರು ಮೂರರಲ್ಲೊಂದು ಪಾಲು ತಗ್ಗಿತೆಂದು 2020ರ ಜೂನ್ ತಿಂಗಳಲ್ಲಿ ಆಕ್ಸ್‌ಫರ್ಡಿನ ವಿದ್ವಾಂಸರು ಪ್ರಕಟಿಸಿದರು. ಆಮ್ಲಜನಕವೇ ಬೇಡದಿದ್ದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಮದ್ದೊಂದೇ, ಕಾಲ ಬೇರೆಯಾದರೆ ಫಲವೂ ಬೇರೆ.

ಈ ವಿವೇಕವು ಎಲ್ಲೆಡೆಯೂ ನಿಲ್ಲಲಿಲ್ಲ. 2021ರ ಬೇಸಗೆಯಲ್ಲಿ ಕಪ್ಪು ಶಿಲೀಂಧ್ರವೆಂಬ ಪಿಡುಗು ಹಬ್ಬಿ, ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ಚಿಕಿತ್ಸೆಯನ್ನೇರ್ಪಡಿಸಬೇಕಾಯಿತು. ಮಧುಮೇಹವು ಹತೋಟಿಯಲ್ಲಿಲ್ಲದವರೂ, ಸ್ಟೀರಾಯ್ಡನ್ನು ಅಕಾಲದಲ್ಲಿ ಇಲ್ಲವೆ ಅಮಿತವಾಗಿ ಸೇವಿಸಿದವರೂ ಅದಕ್ಕೆ ಹೆಚ್ಚಾಗಿ ತುತ್ತಾದರು. ಪ್ರಾಣವುಳಿಸಲು ಕೆಲವರ ಕಣ್ಣನ್ನೇ ತೆಗೆಯಬೇಕಾಯಿತು. ಉರಿಯನ್ನು ನಂದಿಸಹೋಗಿ ಕಾವಲನ್ನೇ ಕಳೆದುಕೊಂಡಂತಾಯಿತು.

ಭಕ್ತಮಹಾಶಯರೇ, ಇದನ್ನು ಇಲ್ಲಿ ಹೇಳಲು ಕಾರಣವುಂಟು. ನಮ್ಮಲ್ಲಿ ವೃದ್ಧರನೇಕರು ಮಂಡಿನೋವಿಗೆ ಹೆಸರಿಲ್ಲದ ಪುಡಿಗಳನ್ನೂ, ವೈದ್ಯರ ಚೀಟಿಯಿಲ್ಲದ ಗುಳಿಗೆಗಳನ್ನೂ ಸೇವಿಸುವರು. ನಾನೂ ಒಮ್ಮೆ ಅಂಥ ಪುಡಿಯನ್ನು ಸೇವಿಸಿ, ಎರಡೇ ದಿನಗಳಲ್ಲಿ ನೋವು ಮಾಯವಾಯಿತೆಂದು ಹಿಗ್ಗಿದವನೇ. ಅದರಲ್ಲೇನಿದೆಯೆಂದು ಕೇಳಲಿಲ್ಲ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡನ್ನು ಬೆರೆಸುವುದುಂಟೆಂದು ಮುಂದೆ ತಿಳಿದು ನಾಚಿದೆನು. ನೀವು ಕೇಳಿ ತಿಳಿಯಿರಿ. ವೈದ್ಯರು ಬಹುಕಾಲ ಕೊಟ್ಟ ಸ್ಟೀರಾಯ್ಡನ್ನಾದರೋ ಅವರ ಅಪ್ಪಣೆಯಿಲ್ಲದೆ ಥಟ್ಟನೆ ಬಿಡಲೂ ಬೇಡಿರಿ, ಅದೂ ಅಪಾಯವೇ.

ಆಹಾರ ವಿಹಾರಗಳಲ್ಲಿ ಮಿತವನ್ನು ಕಲಿಸಿದ ಗುರುಪರಂಪರೆ ನಮ್ಮದು. ಔಷಧದಲ್ಲಿಯೂ ಆ ಮಿತವು ನೆಲೆಗೊಳ್ಳಲೆಂದು ಪ್ರಾರ್ಥಿಸಿ ವಿರಮಿಸುವೆನು.