ಸ್ಥಳ ಬದಲಿಸಿದ ಸದನಗಳು



ರಾಜ್ಯೋತ್ಸವದ ದಿನ ನಾಡಿನ ಹಿರಿಮೆಯನ್ನು ಹೇಳುವದು ವಾಡಿಕೆ. ಈ ಸಲ ನಾವು ಪುಣೆಯ ಎರಡು ಸೇವಾಸಂಸ್ಥೆಗಳು ಗಂಟುಮೂಟೆ ಕಟ್ಟಿ ಸ್ಥಳ ಬದಲಿಸಿದ ಸಂಗತಿಯನ್ನು ಹೇಳಹೊರಟಿದ್ದೇವೆ. ಕಾರಣ ನಿಮಗೆ ಗೊತ್ತಿದ್ದದ್ದೇ. ನಮ್ಮ ವಾಚನಾಲಯವೂ ಮಕ್ಕಳ ಕನ್ನಡ ವರ್ಗವೂ ಊರೊಳಗೇ ಇರಬೇಕೆ, ಇಲ್ಲವೆ ಪಿಂಪರಿ-ಚಿಂಚವಡದ ಕಡೆಗೆ ಹೋಗಬೇಕೆ ಎಂಬ ಚರ್ಚೆ ನಮ್ಮಲ್ಲಿ ನಡೆದಿದೆ. ಚರ್ಚೆ ಎನ್ನುವದಕ್ಕಿಂತ ಜಗಳವೆಂದರೂ ನಡೆದೀತು.

ಮೊದಲನೆಯದು ಪಂಡಿತಾ ರಮಾಬಾಯಿಯವರ ಶಾರದಾ ಸದನ. ರಮಾಬಾಯಿಯವರು ನಮಗೆ ಹೊರಗಿನವರಲ್ಲ. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಬದಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಜನರ ನಿಂದೆಗೆ ಗುರಿಯಾದ ಅವರು ಘಟ್ಟದ ಮೇಲಿನ ಗಂಗಾಮೂಲದ ಅಡವಿಯಲ್ಲಿ ಮನೆ ಮಾಡಿದರು. 1858ರಲ್ಲಿ ಅಲ್ಲಿಯೇ ಈ ಮಗಳು ಹುಟ್ಟಿದಳು. ಮುಂದೆ ಪುರಾಣ ಹೇಳುತ್ತ ಊರೂರು ತಿರುಗಿದ ಆ ಕುಟುಂಬದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಬರಗಾಲದ ದಿನಗಳಲ್ಲಿ ತೀರಿಕೊಂಡರು. ನೆಲೆಯಿಲ್ಲದ ಬಾಳು ಏನೆಂಬುದನ್ನು ರಮಾಬಾಯಿಯವರು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ವಿಧವೆಯರಿಗಾಗಿ ಶಾರದಾ ಸದನವನ್ನು ಅವರು 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ತೆರೆದರು. ಮರುವರ್ಷ ನವೆಂಬರದಲ್ಲಿ ಅದನ್ನು ಪುಣೆಗೆ ತಂದರು. ಮುಂಬಯಿಯ ಖರ್ಚು ತೂಗುವಂತಿರಲಿಲ್ಲವೆಂಬುದು ಒಂದು ಕಾರಣ. ಸದನ ಯಾರಿಗಾಗಿ ಹುಟ್ಟಿತೋ ಅಂಥ ಹೆಣ್ಣುಮಕ್ಕಳಿಗೆ ಪುಣೆಯ ವಾಡೆಗಳಲ್ಲಿ ಕೊರತೆಯಿರಲಿಲ್ಲವೆಂಬುದನ್ನು ನಾವು ಸೇರಿಸಬಹುದು. ಆದರೆ ಸಮೀಪಕ್ಕೆ ಬಂದ ಮಾತ್ರಕ್ಕೆ ಊರು ಸಮೀಪವಾಗಲಿಲ್ಲ. ಕ್ರೈಸ್ತರಾಗಿದ್ದ ರಮಾಬಾಯಿಯವರ ಪ್ರಾರ್ಥನೆಗೆ ಹುಡುಗಿಯರು ಹೋಗುತ್ತಾರೆಂಬ ಗದ್ದಲವೆದ್ದು, 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿರಿಯರು ಸಲಹಾ ಮಂಡಲವನ್ನು ಬಿಟ್ಟರು. ಅನೇಕ ಪಾಲಕರು ಮಕ್ಕಳನ್ನು ಕರೆದೊಯ್ದರು. ಯಾರದು ಸರಿ ಎಂಬ ವಾದಕ್ಕೆ ಇಂದು ನಾವು ಇಳಿಯುವದಿಲ್ಲ.

1896ರ ಕೊನೆಗೆ ಮಧ್ಯಪ್ರಾಂತದಲ್ಲಿ ಭೀಕರ ಬರ ಬಿತ್ತು. ರಮಾಬಾಯಿಯವರು ತಾವೇ ಹೋಗಿ, ದಿಕ್ಕಿಲ್ಲದ ಹುಡುಗಿಯರನ್ನು ಗುಂಪುಗುಂಪಾಗಿ ಕರೆತಂದರು. ಆಗ ಪುಣೆಯಲ್ಲಿ ಪ್ಲೇಗು. ಅಷ್ಟು ಜನರನ್ನು ಊರೊಳಗೆ ಇಟ್ಟುಕೊಳ್ಳಲು ಅಧಿಕಾರಿಗಳು ಒಪ್ಪಲಿಲ್ಲ. ಸದನಕ್ಕೆ ಸ್ವಂತ ಉತ್ಪನ್ನವಿರಲೆಂದು ಕೇಡಗಾವದಲ್ಲಿ ಕೊಂಡಿದ್ದ ಹೊಲವೊಂದಿತ್ತು. ಹಣ್ಣಿನ ತೋಟಕ್ಕೆಂದು ತೆಗೆದುಕೊಂಡದ್ದು. ಅಲ್ಲಿ ಛಪ್ಪರ ಹಾಕಿ ಮಕ್ಕಳನ್ನು ಇಳಿಸಿದರು. ಅದೇ ಮುಕ್ತಿ ಸದನವಾಯಿತು. 1900ರ ಗುಜರಾತದ ಬರಗಾಲದಲ್ಲಿ ಇನ್ನೂ ನೂರಾರು ಮಂದಿ ಬಂದು ಸೇರಿದರು. ನೇಯ್ಗೆ, ಎಣ್ಣೆಯ ಗಾಣ, ಮುದ್ರಣಾಲಯ, ಕುರುಡರಿಗೆ ಬೆರಳಿನಿಂದ ಓದುವ ಲಿಪಿ ಎಲ್ಲವೂ ಅಲ್ಲಿ ನಡೆದವು. 1912ರ ಸುಮಾರಿಗೆ ಮಗಳು ಮನೋರಮಾಬಾಯಿಯವರ ಕೈಯಿಂದ ನಮ್ಮ ಕಲಬುರ್ಗಿಯಲ್ಲಿಯೂ ಒಂದು ಶಾಲೆ ಎದ್ದಿತು. ಸೋಲಾಪುರ, ಕಲಬುರ್ಗಿಗಳಿಗೆ ಹೋಗುವಾಗ ನಮ್ಮ ಗಾಡಿ ಕೇಡಗಾವವನ್ನು ದಾಟಿಯೇ ಹೋಗುವದು. ನಾವು ಆಗ ಡಬ್ಬಿಯ ಬುತ್ತಿ ಬಿಚ್ಚುತ್ತಿರುತ್ತೇವೆ. ಆ ಸಂಸ್ಥೆ ಇಂದಿಗೂ ಅಲ್ಲಿ ನಡೆದಿದೆ.

ಎರಡನೆಯದು ಮಹರ್ಷಿ ಕರ್ವೆಯವರ ಆಶ್ರಮ. ಶಾರದಾ ಸದನದ ಮೊದಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿಯವರನ್ನು ಕರ್ವೆಯವರು 1893ರಲ್ಲಿ ಮದುವೆಯಾದರು. ಒಂದು ಸದನದ ದೀಪದಿಂದ ಇನ್ನೊಂದು ಹೊತ್ತಿತೆನ್ನಿರಿ. 1896ರಲ್ಲಿ ಪುಣೆಯಲ್ಲಿ ಆರಂಭವಾದ ಅನಾಥ ಬಾಲಿಕಾಶ್ರಮವು 1900ರಲ್ಲಿ ಹಿಂಗಣೆಗೆ ಹೋಯಿತು. ಅಲ್ಲಿ ಭೂಮಿ ಕೊಟ್ಟವರು ರಾವಬಹಾದ್ದೂರ ಗೋಖಲೆಯವರು; ಇವರು ಗೋಪಾಲ ಕೃಷ್ಣ ಗೋಖಲೆಯವರಲ್ಲ, ಬೇರೆ. ಹಿಂಗಣೆ ಆಗ ಊರಿಂದ ನಾಲ್ಕು ಮೈಲು ದೂರದ ಹಳ್ಳಿ, ಒಳ್ಳೆಯ ರಸ್ತೆಯೂ ಇಲ್ಲ. ಪ್ಲೇಗಿನಿಂದ ಮಕ್ಕಳು ದೂರ ಉಳಿದರು, ಸರಿ. ಆದರೆ ಆ ನಾಲ್ಕು ಮೈಲನ್ನು ಯಾರಾದರೂ ನಡೆಯಲೇಬೇಕಲ್ಲ? ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಕರ್ವೆಯವರೇ ನಡೆದರು. ಒಂದು ದಿನವಲ್ಲ, ವರ್ಷಗಟ್ಟಲೆ, ಮಳೆಗಾಲದ ಕೆಸರಿನಲ್ಲಿಯೂ. ಇಂದು ಅದೇ ಹಿಂಗಣೆಯ ಭಾಗ ಕರ್ವೆನಗರವಾಗಿ ಊರಿನ ಹೊಟ್ಟೆಯೊಳಗೆ ಸೇರಿದೆ. ನಮ್ಮವರ ಎಷ್ಟೋ ಮನೆಗಳು ಅದರ ಸುತ್ತಲೇ ಇವೆ.

ನಮ್ಮ ಜಗಳಕ್ಕೆ ಬರೋಣ. ಪೇಠಗಳಲ್ಲಿ ಕನ್ನಡಿಗರಿದ್ದ ಕಾಲದಲ್ಲಿ ಊರೊಳಗಿನ ಜಾಗವೇ ಸೊಗಸಾಗಿತ್ತು. 1954ರಲ್ಲಿ ಪಿಂಪರಿಯಲ್ಲಿ ಹಿಂದೂಸ್ತಾನ ಆಂಟಿಬಯೋಟಿಕ್ಸ್ ಆಯಿತು, ಹಿಂದೆಯೇ ಬೇರೆ ಕಾರಖಾನೆಗಳು ಬಂದವು. ಈಚೆಗೆ ಹಿಂಜವಡಿಯ ಕಂಪ್ಯೂಟರಿನ ಕಚೇರಿಗಳು. ಅನ್ನ ಹೋದತ್ತ ಜನ ಹೋದರು. ಅಲ್ಲಿಯ ತಾಯಿ ಎರಡು ಬಸ್ಸು ಬದಲಿಸಿ ಮಗುವನ್ನು ಅಕ್ಷರ ಕಲಿಸಲು ತಂದಾಳೆಂದು ನಾವು ಕಾಯುವದು ತರವಲ್ಲ. ಆ ಮಗು ಮನೆಯಲ್ಲಿ ಕನ್ನಡ ಆಡುತ್ತದೆ, ಅಜ್ಜಿಯ ಕಾಗದವನ್ನು ಮಾತ್ರ ಓದಲಾರದು.

ಆದರೆ ಊರೊಳಗೆ ಕೋಲೂರಿಕೊಂಡು ಸಂಜೆ ವಾಚನಾಲಯಕ್ಕೆ ಬರುವ ಹಿರಿಯರೂ ನಮ್ಮವರೇ. ಅವರಿಗೆ ಚಿಂಚವಡವೆಂದರೆ ಧಾರವಾಡದಷ್ಟೇ ದೂರ. ಇದಕ್ಕೆ ನಮ್ಮ ಸೂಚನೆ ಇಷ್ಟೆ: ಮಕ್ಕಳ ವರ್ಗ ಮೊದಲು ಹೋಗಲಿ, ಬಾಡಿಗೆಯ ಕೋಣೆಯಾದರೂ ಸರಿ. ವಾಚನಾಲಯ ಇದ್ದಲ್ಲೇ ಇರಲಿ. ಪುಸ್ತಕದ ಒಂದು ಪೆಟ್ಟಿಗೆ ವಾರಕ್ಕೊಮ್ಮೆ ಅತ್ತ ಹೋಗಿ ಬರಲಿ. ಕಲಿಸುವವರ ಬಸ್ಸಿನ ಖರ್ಚನ್ನು ಸಂಘ ಕೊಡಲಿ. ರವಿವಾರ ಬೆಳಿಗ್ಗೆ ಆ ಬಸ್ಸು ಹತ್ತಲು ಸಿದ್ಧರಿರುವವರು, ಕಾರ್ಯಕಾರಿ ಮಂಡಲದವರೂ ಸೇರಿ, ಇಂದು ಊಟಕ್ಕೆ ಏಳುವ ಮೊದಲು ಕಾರ್ಯದರ್ಶಿಗಳ ವಹಿಯಲ್ಲಿ ಹೆಸರು ಬರೆಸಬೇಕೆಂದು ಕೇಳಿಕೊಳ್ಳುತ್ತೇವೆ.